ಅತ್ತೆಯ ಎರಡು ಟ್ರಂಕು: ಬಣ್ಣದ ಲೆಕ್ಕವನ್ನೂ ಬೀದಿಯ ಲೆಕ್ಕವನ್ನೂ ಅಗಲಿಸಬೇಡಿ

ಪ್ರಶ್ನೆ: ನಮ್ಮ ಸೋದರತ್ತೆ ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ 1955ರಲ್ಲಿ ಮುಂಬಯಿಗೆ ಬಂದವರು. ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಿವೃತ್ತಿಯವರೆಗೂ ದುಡಿದರು. ಮದುವೆಯಾಗಲಿಲ್ಲ. ಮಾಟುಂಗಾದ ಪಗಡಿ ಮನೆಯಲ್ಲಿ (ಮೊದಲೇ ಇಡುಗಂಟು ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ ಮನೆ) ಒಬ್ಬರೇ ಇದ್ದುಕೊಂಡು ಸುತ್ತಲಿನ ಕನ್ನಡಿಗರ ಅಂಗಡಿ, ಹೋಟೆಲು, ಭಜನಾ ಮಂಡಳಿ, ರಾತ್ರಿಶಾಲೆಗಳ ಇತಿಹಾಸ ಕೂಡಿಹಾಕುತ್ತಿದ್ದರು; ಪುಸ್ತಕ ಮಾತ್ರ ಮಾಡಲಿಲ್ಲ. ಕಳೆದ ವರ್ಷ ತೀರಿಕೊಂಡರು. ಕಟ್ಟಡ ಪುನರಾಭಿವೃದ್ಧಿಗೆ ಹೋಗಿದೆ, ನಾಲ್ಕು ತಿಂಗಳಲ್ಲಿ ಖಾಲಿ ಮಾಡಬೇಕು. ಎರಡು ಟ್ರಂಕು, ಒಂದು ಕಪಾಟು ತುಂಬ ಕಾಗದ ಇದೆ; ಡೈರಿಗಳು, ತಾರೀಖಿಲ್ಲದ ಬಹಳಷ್ಟು ಪತ್ರಗಳು, ಕ್ಯಾಸೆಟ್‌ಗಳೂ ಇವೆ. ಲ್ಯಾಬಿನ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕಿ, ಇತಿಹಾಸದ ಟಿಪ್ಪಣಿಗಳನ್ನು ವಿಷಯವಾರು ಜೋಡಿಸಿ ಯಾವುದಾದರೂ ಕನ್ನಡ ಸಂಘಕ್ಕೆ ಕೊಡೋಣ ಎಂದು ಮನೆಯವರ ಅಭಿಪ್ರಾಯ. ಆರು ಫೋಟೊ ಕಳಿಸಿದ್ದೇನೆ. ಏನು ಮಾಡಬೇಕು? ಇವುಗಳಿಂದ ಅವರ ಜೀವನಚರಿತ್ರೆ ಬರೆಯಲು ಸಾಧ್ಯವೇ?

ಉತ್ತರ: ಎಲ್ಲಕ್ಕಿಂತ ಮೊದಲು ನಿಮ್ಮ ಐದನೆಯ ಫೋಟೊ. ನೀವು ತೋರಿಸಹೊರಟದ್ದು ಡೈರಿಗಳ ಸಾಲನ್ನು. ನನ್ನ ಕಣ್ಣು ಹೋದದ್ದು ಅದರ ಪಕ್ಕದಲ್ಲಿ ನಿಂತಿರುವ ಕಂದು ಗಾಜಿನ ಪುಟ್ಟ ಬಾಟಲಿಯ ಮೇಲೆ. ಮುಚ್ಚಳದ ಅಂಚಿನಲ್ಲಿ ಹಳದಿ ಹರಳು ಕಟ್ಟಿದೆ. ಚೀಟಿ ಹರಿದಿದೆ, ‘ಪಿಕ್’ ಎಂಬಷ್ಟನ್ನು ಮಾತ್ರ ಓದಬಹುದು. ಅದು ಪಿಕ್ರಿಕ್ ಆಮ್ಲವಾಗಿದ್ದರೆ, ಒಂದು ಕಾಲಕ್ಕೆ ರೇಷ್ಮೆಗೂ ಉಣ್ಣೆಗೂ ಹಳದಿ ಬಣ್ಣ ಕೊಡುತ್ತಿದ್ದ ವಸ್ತು ಅದು. ನೀರಿನಲ್ಲಿ ತೊಯ್ದಿರುವವರೆಗೆ ಸಾಧು, ಒಣಗಿತೆಂದರೆ ಸ್ಫೋಟಕ. ಮುಚ್ಚಳದ ಸುರುಳಿಯಲ್ಲಿ ಕೂತ ಹರಳು, ಮುಚ್ಚಳ ತಿರುಗಿಸುವಾಗಿನ ತಿಕ್ಕಾಟಕ್ಕೇ ಸಿಡಿಯಬಹುದು. ಬೇರೇನೋ ನಿರುಪದ್ರವಿ ಪುಡಿಯೂ ಆಗಿರಬಹುದು, ಆದರೆ ಅದನ್ನು ಪರೀಕ್ಷಿಸುವ ಕೆಲಸ ನಿಮ್ಮದಲ್ಲ, ನನ್ನದೂ ಅಲ್ಲ. ಮುಟ್ಟಬೇಡಿ, ಸರಿಸಬೇಡಿ, ತೆರೆದು ನೀರು ಹಾಕುವ ಜಾಣತನವಂತೂ ಬೇಡವೇ ಬೇಡ. ಆ ಕೋಣೆಯ ಬಾಗಿಲು ಹಾಕಿ, 101ಕ್ಕೆ ಕರೆ ಮಾಡಿ, ರಸಾಯನ ವಿಜ್ಞಾನಿಯ ಮನೆಯಲ್ಲಿ ಹಳೆಯ ಬಾಟಲಿ ಸಿಕ್ಕಿದೆ, ಪಿಕ್ರಿಕ್ ಆಮ್ಲದ ಅನುಮಾನವಿದೆ ಎಂದು ಇದೇ ಮಾತುಗಳಲ್ಲಿ ಹೇಳಿ. ಅದು ಮನೆಯಿಂದ ಹೊರಹೋದ ಮೇಲೆ ಮುಂದಿನದನ್ನು ಓದಿದರೂ ಸಾಕು.

ಇನ್ನು ನಿಮ್ಮ ಯೋಜನೆ. ಸೌಜನ್ಯಕ್ಕೆ ಸುತ್ತಿ ಬಳಸಿ ಹೇಳುವುದಿಲ್ಲ: ಅದು ತಪ್ಪು. ಏಕೆ ತಪ್ಪು ಎಂಬುದು ನಿಮ್ಮದೇ ಮೂರನೆಯ ಫೋಟೊದಲ್ಲಿದೆ.

ಆ ಫೋಟೊದಲ್ಲಿ ತೆರೆದಿರುವುದು ಲ್ಯಾಬಿನ ನೋಟ್‌ಬುಕ್. ಎಡಪುಟದಲ್ಲಿ ಇಂಗ್ಲಿಷಿನಲ್ಲಿ ಒಂದು ಅಜೋ ಬಣ್ಣದ ಪ್ರಯೋಗ: ಅಮೀನು ಇಷ್ಟು, ಸೋಡಿಯಂ ನೈಟ್ರೈಟ್ ಇಷ್ಟು, ಮಂಜುಗಡ್ಡೆ ಇಷ್ಟು, ತಾಪಮಾನ 3 ಡಿಗ್ರಿ. ಈ ಕ್ರಿಯೆ ಸೊನ್ನೆಯಿಂದ ಐದು ಡಿಗ್ರಿಯ ಒಳಗೆ ನಡೆಯಬೇಕು; ಬಿಸಿಯಾದರೆ ನಡುವೆ ಹುಟ್ಟುವ ಡಯಜೋನಿಯಂ ಲವಣ ಮುರಿದುಹೋಗಿ ಬಣ್ಣ ಕೆಡುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಅದನ್ನು ಕಾಯುವುದೆಂದರೆ ಮಂಜುಗಡ್ಡೆಯ ಜೊತೆ ಜಗಳವಾಡಿದಂತೆ. ಪುಟದ ಕೆಳಗೆ ಬಣ್ಣ ಅದ್ದಿದ ಹತ್ತಿಬಟ್ಟೆಯ ತುಂಡೊಂದನ್ನು ಅಂಟಿಸಿದ್ದಾರೆ. ಕುಂಕುಮಕ್ಕಿಂತ ತುಸು ಕಂದು.

ಬಲಪುಟ ಕನ್ನಡದಲ್ಲಿದೆ. ಅದೇ ಗೆರೆ, ಅದೇ ಕೋಷ್ಟಕ. ಮೊದಲ ಕಂಬದಲ್ಲಿ ಅಂಗಡಿ, ಎರಡನೆಯದರಲ್ಲಿ ‘ಹೇಳಿದವರು’, ಮೂರನೆಯದರಲ್ಲಿ ‘ಶುರುವಾದ ವರ್ಷ’. ನಾಲ್ಕನೆಯ ಕಂಬದ ತಲೆಯ ಮೇಲೆ ‘ಬ್ಲ್ಯಾಂಕ್’ ಎಂದಷ್ಟೇ ಇದೆ. ಆ ಕಂಬದಲ್ಲಿ ಪ್ರತಿಯೊಬ್ಬರ ಎದುರಿಗೆ ‘−2’, ‘0’, ‘+1’, ‘0’ ಎಂಬ ಅಂಕೆಗಳು. ಮೊದಲ ನೋಟಕ್ಕೆ ನನಗೂ ಹೊಳೆಯಲಿಲ್ಲ. ಪುಟದ ತಳದಲ್ಲಿ ಪೆನ್ಸಿಲಿನಲ್ಲಿ ‘14-4-44’ ಎಂದು ಇರುವುದನ್ನು ಕಂಡಾಗ ಚಹಾ ತಣ್ಣಗಾಗುವುದನ್ನು ಮರೆತು ಕೂತೆ.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಸಿಡಿಯಿತು. ಹತ್ತಿ, ಸಿಡಿಮದ್ದು, ಚಿನ್ನದ ಗಟ್ಟಿ ಎಲ್ಲವೂ ಅದೇ ಹಡಗಿನಲ್ಲಿದ್ದವು. ಆ ಕಾಲದ ಮುಂಬಯಿಗರಾರೂ ಮರೆಯಲಾರದ ದಿನ ಅದು. ನಿಮ್ಮ ಅತ್ತೆ ಮಾಡಿದ್ದು ಇಷ್ಟೇ: ಯಾವ ಹಿರಿಯರ ಬಳಿ ಅಂಗಡಿಯ ಇತಿಹಾಸ ಕೇಳಲು ಹೋದರೂ, ಮಾತಿನ ನಡುವೆ ‘ಡಾಕಿನಲ್ಲಿ ಸ್ಫೋಟವಾದದ್ದು ಯಾವ ವರ್ಷ?’ ಎಂದು ಕೇಳಿದ್ದಾರೆ. ಉತ್ತರ ಅವರಿಗೆ ಮೊದಲೇ ಗೊತ್ತು. 1942 ಎಂದವರಿಗೆ −2, ಸರಿಯಾಗಿ ಹೇಳಿದವರಿಗೆ 0. ಅಂದರೆ ಹೇಳುವವರ ನೆನಪು ಎಷ್ಟು ಜಾರುತ್ತದೆ ಎಂದು ಅಳೆದುಕೊಂಡು, ಆಮೇಲೆ ಅವರು ಹೇಳಿದ ಅಂಗಡಿಯ ವರ್ಷವನ್ನು ತೂಗಿದ್ದಾರೆ. ಪ್ರಯೋಗಾಲಯದಲ್ಲಿ ಅಪರಿಚಿತ ದ್ರಾವಣವನ್ನು ಅಳೆಯುವ ಮೊದಲು, ಅಳೆಯಬೇಕಾದ ವಸ್ತುವೇ ಇಲ್ಲದ ದ್ರಾವಣವನ್ನು ಅಳೆದು ಉಪಕರಣದ್ದೇ ತಪ್ಪು ಎಷ್ಟೆಂದು ನೋಡಿಕೊಳ್ಳುತ್ತಾರೆ; ಅದಕ್ಕೇ ‘ಬ್ಲ್ಯಾಂಕ್’ ಎನ್ನುವುದು. ಬಲತುದಿಯ ಕಂಬದಲ್ಲಿ ‘1938 ± 2’ ಎಂದು ಬರೆದು ಪಕ್ಕದಲ್ಲಿ ಟಿಪ್ಪಣಿ: ‘ಇಬ್ಬರು. ಒಬ್ಬರದು ಮಗಳ ಮದುವೆಯ ಲೆಕ್ಕ, ಇನ್ನೊಬ್ಬರದು ಯುದ್ಧದ ಲೆಕ್ಕ.’

ಊರಿನ ಇತಿಹಾಸ ಬರೆದವರ ಟಿಪ್ಪಣಿಗಳನ್ನು ನಾನು ಬಹಳ ನೋಡಿದ್ದೇನೆ. ‘ಸುಮಾರು’, ‘ಅಂದಾಜು’, ‘ಹಿರಿಯರು ಹೇಳುವಂತೆ’ ಎಂಬಲ್ಲಿಗೆ ಅವು ನಿಲ್ಲುತ್ತವೆ. ಆ ‘ಸುಮಾರು’ ಎಷ್ಟು ಎಂದು ಅಂಕೆಯಲ್ಲಿ ಹೇಳಿದವರನ್ನು ನಾನು ಕಂಡದ್ದು ಇದೇ ಮೊದಲು. ಈಗ ನೀವೇ ಹೇಳಿ, ಈ ನೋಟ್‌ಬುಕ್ ಲ್ಯಾಬಿನದೋ, ಇತಿಹಾಸದ್ದೋ? ಎಡಪುಟ ರದ್ದಿಗೆ, ಬಲಪುಟ ಸಂಘಕ್ಕೆ ಎಂದು ಹರಿಯುತ್ತೀರಾ? ಹರಿದರೆ ಬಲಪುಟದ ‘ಬ್ಲ್ಯಾಂಕ್’ ಎಂಬ ಪದ ಯಾರಿಗೂ ಅರ್ಥವಾಗುವುದಿಲ್ಲ. ಖಾಲಿ ಬಿಟ್ಟ ಕಂಬ ಎಂದುಕೊಂಡು ಮುಂದೆ ಹೋಗುತ್ತಾರೆ.

ವಿಜ್ಞಾನದ ಕೈ ಇತಿಹಾಸಕ್ಕೆ ತಾಗಿದ್ದು ನಮ್ಮ ಈ ಕರಾವಳಿಗೆ ಹೊಸದೇನಲ್ಲ. 1907ರಲ್ಲಿ ಗೋವಾದಲ್ಲಿ ಹುಟ್ಟಿದ ಡಿ.ಡಿ. ಕೋಸಂಬಿ ವೃತ್ತಿಯಿಂದ ಗಣಿತಜ್ಞರು. ಪುಣೆಯ ಮನೆಯಿಂದ ಡೆಕ್ಕನ್ ಕ್ವೀನ್ ಹಿಡಿದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬರುತ್ತಿದ್ದವರು, ಹಳೆಯ ಬೆಳ್ಳಿ ನಾಣ್ಯಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದರು. ಕೈಯಿಂದ ಕೈಗೆ ಓಡಾಡಿದಷ್ಟೂ ನಾಣ್ಯ ಸವೆಯುತ್ತದೆ, ಆದ್ದರಿಂದ ಸವೆತವೇ ಕಾಲದ ಸಾಕ್ಷಿ ಎಂಬುದು ಅವರ ಎಣಿಕೆ. ನಿಮ್ಮ ಅತ್ತೆ ತೂಗಿದ್ದು ನಾಣ್ಯವನ್ನಲ್ಲ, ನೆನಪಿನ ಸವೆತವನ್ನು.

ಆದ್ದರಿಂದ ಮೊದಲ ನಿಯಮ: ಏನನ್ನೂ ವಿಷಯವಾರು ಜೋಡಿಸಬೇಡಿ. ಅವರು ಇಟ್ಟ ಕ್ರಮವೇ ದಾಖಲೆ. ಈ ಪಾಠವನ್ನು ನಾನು ತಪ್ಪು ಮಾಡಿಯೇ ಕಲಿತೆ. ಹಳೆಯ ದಾಖಲೆಗಳನ್ನು ಕಾಯುವ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಶಾಲಾ ಮಾಸ್ತರರ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಉತ್ಸಾಹದಿಂದ ಪಿನ್ನುಗಳನ್ನೆಲ್ಲ ಕಿತ್ತು ಪತ್ರಗಳು ಒಂದು ಕಡೆ, ರಸೀದಿಗಳು ಒಂದು ಕಡೆ, ಫೋಟೊಗಳು ಒಂದು ಕಡೆ ಎಂದು ಅಚ್ಚುಕಟ್ಟಾಗಿ ವಿಂಗಡಿಸಿದೆ. ಮೇಲಧಿಕಾರಿಗಳು ಹೊಗಳಿದರು ಕೂಡ. ಎರಡು ವರ್ಷಗಳ ನಂತರ ಅವರ ಮಗಳು ಬಂದು, ‘ಅಪ್ಪ ಪ್ರತಿ ಫೋಟೊಗೂ ಅದನ್ನು ತೆಗೆಸಿದ ಸ್ಟುಡಿಯೊದ ರಸೀದಿ ಚುಚ್ಚಿಡುತ್ತಿದ್ದರು, ಯಾರ ಫೋಟೊ ಎಂಬುದು ರಸೀದಿಯ ಹಿಂದೆ ಇರುತ್ತಿತ್ತು’ ಎಂದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಫೋಟೊಗಳಲ್ಲಿರುವವರು ಇವತ್ತಿಗೂ ಅನಾಮಿಕರು.

ಟ್ರಂಕು ತೆರೆದಾಗ ಮೊದಲ ಪದರದ ಫೋಟೊ ತೆಗೆಯಿರಿ. ಮೇಲಿನ ಕಟ್ಟನ್ನು ಎತ್ತಿ, ಅದಕ್ಕೆ ‘ಟ್ರಂಕು 1, ಪದರ 1, ಕಟ್ಟು 1’ ಎಂದು ಬಿಳಿ ಚೀಟಿಯಲ್ಲಿ ಬರೆದು ಒಳಗಿಡಿ. ಮತ್ತೆ ಮುಂದಿನ ಪದರದ ಫೋಟೊ. ಮೂಲ ಕಾಗದದ ಮೇಲೆ ಪೆನ್ನು ತಾಗಬಾರದು. ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಮೂಲೆಯಲ್ಲಿ, ಸಣ್ಣದಾಗಿ. ತುಕ್ಕು ಹಿಡಿದ ಪಿನ್ನುಗಳನ್ನು ತೆಗೆಯಬಹುದು, ಆದರೆ ಎಳೆಯಬೇಡಿ. ಪಿನ್ನಿಗೂ ಕಾಗದಕ್ಕೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ ಮೆಲ್ಲಗೆ ಬಿಡಿಸಿ, ಜೊತೆಗಿದ್ದವನ್ನು ಒಂದೇ ಮಡಿಕೆಯಲ್ಲಿ ಜೊತೆಯಾಗಿಯೇ ಇಡಿ. ಸೆಲೊಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಮಾಟುಂಗಾದ ಜೆರಾಕ್ಸ್ ಅಂಗಡಿಯವರು ಪ್ರೀತಿಯಿಂದಲೇ ಸಲಹೆ ಕೊಡುತ್ತಾರೆ, ಕೇಳಬೇಡಿ. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಕಾಗದ ಕೆಡದಂತೆ ಬಿಡಿಸುವುದು ನಮ್ಮಂಥವರಿಗೂ ದುಸ್ಸಾಧ್ಯ.

ಹುಳ ಕಂಡರೆ ನುಸಿಗುಳಿಗೆ ಸುರಿಯುವುದು ನಮ್ಮ ಮನೆಗಳ ವಾಡಿಕೆ. ಅದರ ಹಬೆ ಹುಳಕ್ಕಿಂತ ಹೆಚ್ಚಾಗಿ ಮನೆಯವರನ್ನೇ ಕಾಡುತ್ತದೆ. ಕಟ್ಟನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚದೆ ಒಂದು ದಿನ ಹಾಗೆಯೇ ಬಿಡಿ, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ. ಫೋಟೊ, ನೆಗೆಟಿವ್, ಕ್ಯಾಸೆಟ್‌ಗಳಿಗೆ ಈ ಉಪಾಯ ಬೇಡ. ಬಿಸಿಲಿಗೆ ಹರವುವುದೂ ಬೇಡ. ಆ ಬಣ್ಣದ ಬಟ್ಟೆತುಂಡುಗಳು ಅರ್ಧ ಶತಮಾನ ಕತ್ತಲಲ್ಲಿ ಇದ್ದುದರಿಂದಲೇ ಇಷ್ಟು ಕೆಂಪಾಗಿ ಉಳಿದಿವೆ. ಜುಲೈ ತಿಂಗಳಲ್ಲಿ ಮುಂಬಯಿಯ ಗಾಳಿಯ ತೇವ ಸಾಮಾನ್ಯವಾಗಿ ಶೇ. 80 ದಾಟುತ್ತದೆ, ಕಾಗದಕ್ಕೆ ಹಿತವಾದದ್ದು ಶೇ. 50ರ ಆಸುಪಾಸು. ಖಾಲಿ ಮಾಡುವ ದಿನ ಮಳೆಗಾಲದ ನಡುವೆ ಬಂದರೆ ಟ್ರಂಕುಗಳನ್ನು ಮೊದಲೇ ಸಾಗಿಸಿ, ಸಾಮಾನಿನ ಟೆಂಪೊ ಹತ್ತಿಸಬೇಡಿ.

ಕಲೆಯಾದ ಲ್ಯಾಬ್ ಪುಟಗಳನ್ನು ಕೈಗವಸು ಹಾಕಿಕೊಂಡೇ ತಿರುವಿರಿ. ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ, ಇಲ್ಲಿ ಅದು ಬೇಡ. ಹಳೆಯ ಬಣ್ಣದ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಬೆನ್ಜಿಡಿನ್, ಬೀಟಾ ನ್ಯಾಫ್ತಿಲಮೀನುಗಳು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾದ ವಸ್ತುಗಳು. ಒಣಗಿದ ಕಲೆಯಿಂದ ಅಪಾಯ ಕಡಿಮೆ, ಆದರೆ ಕೈಗವಸಿಗೆ ಎಷ್ಟು ಮಹಾ ಖರ್ಚು?

ಜೀವನಚರಿತ್ರೆ ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ, ಆದರೆ ಡೈರಿಯಿಂದ ಶುರುಮಾಡಬೇಡಿ. ಡೈರಿ ಮನಸ್ಸು ಹೇಳುತ್ತದೆ, ಕಾಲ ಹೇಳುವುದು ಚಿಲ್ಲರೆ ಕಾಗದ. ರೈಲ್ವೆ ಪಾಸು, ಸಂಬಳದ ಚೀಟಿ, ಭವಿಷ್ಯನಿಧಿಯ ಲೆಕ್ಕ, ಬಾಡಿಗೆ ರಸೀದಿ, ರೇಷನ್ ಕಾರ್ಡು: ಇವುಗಳಿಂದ ಎಲುಬುಗೂಡು ಕಟ್ಟಿಕೊಳ್ಳಿ. ತಾರೀಖಿಲ್ಲದ ಪತ್ರಗಳು ಬಹಳ ಇವೆ ಎಂದಿದ್ದೀರಿ. ಅವು ಅಷ್ಟೇನೂ ಮೂಕವಲ್ಲ. ವಿಳಾಸ ನೋಡಿ. ‘ಮಾಟುಂಗಾ, ಮುಂಬಯಿ 19’ ಎಂದಷ್ಟೇ ಇದ್ದರೆ ಬಹುಮಟ್ಟಿಗೆ 1972ಕ್ಕಿಂತ ಹಿಂದಿನದು. ಆ ವರ್ಷದ ಆಗಸ್ಟ್ 15ರಂದು ಪಿನ್ ಕೋಡ್ ಬಂದ ಮೇಲೆ ಅದು 400 019 ಆಯಿತು. ಇವರು ಧಾರವಾಡಕ್ಕೆ ಬರೆದ ಪತ್ರಗಳು ಮರಳಿ ಮನೆಗೆ ಬಂದಿದ್ದರೆ ಇನ್ನೂ ಸುಲಭ. 1956ರ ನವೆಂಬರ್ 1ಕ್ಕೆ ಮೊದಲು ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇತ್ತು. ಅಲ್ಲಿಂದ 1973ರ ನವೆಂಬರ್ 1ರವರೆಗೆ ‘ಮೈಸೂರು ರಾಜ್ಯ’, ಆಮೇಲೆ ‘ಕರ್ನಾಟಕ’. ಹೆಸರು ಬದಲಾದ ಮೇಲೂ ಕೆಲವರು ಹಳೆಯದನ್ನೇ ಬರೆಯುತ್ತಿದ್ದರು, ಹಾಗಾಗಿ ಹೊಸ ಹೆಸರು ಖಚಿತ ಸಾಕ್ಷಿ, ಹಳೆಯದು ಅರೆಸಾಕ್ಷಿ. ದುಡ್ಡಿನ ಮಾತು ಬಂದರೆ ಅದನ್ನೂ ಬಿಡಬೇಡಿ. ಆಣೆಯ ಲೆಕ್ಕ 1957ರ ಏಪ್ರಿಲ್ 1ರಂದು ಕಾನೂನಿನ ಪ್ರಕಾರ ಮುಗಿಯಿತು. ಬಾಯಲ್ಲಿ ಮಾತ್ರ ಬಹುಕಾಲ ಉಳಿಯಿತು, ನನ್ನ ಅಜ್ಜಿ ಕೊನೆಯವರೆಗೂ ‘ಎಂಟಾಣೆ’ ಎಂದೇ ಅನ್ನುತ್ತಿದ್ದಳು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. 1964ರ ಜೂನ್‌ನಿಂದ ‘ನಯಾ’ ಬಿದ್ದುಹೋಯಿತು. ಲ್ಯಾಬಿನ ಪುಸ್ತಕದಲ್ಲಿ ಗ್ರಾಮು ಇದ್ದು ಕಾರ್ಖಾನೆಯ ಚೀಟಿಯಲ್ಲಿ ಪೌಂಡು, ಗ್ಯಾಲನ್ ಇದ್ದರೆ ಅದೂ ಹಳೆಯ ಕಾಲದ್ದೇ.

ನಿಮ್ಮ ಪ್ರಶ್ನೆಯಲ್ಲಿಲ್ಲದ ಒಂದು ಮಾತು. ಡೈರಿಗಳ ಬೆನ್ನಮೇಲೆಲ್ಲ ‘ಸಂಜೆ’ ಎಂದು ಬರೆದಿರುವುದು ಫೋಟೊದಲ್ಲಿ ಕಾಣುತ್ತದೆ. ಅದಕ್ಕೆ ಅವರ ಸ್ವಭಾವವಷ್ಟೇ ಕಾರಣ ಎಂದುಕೊಳ್ಳಬೇಡಿ. 1948ರ ಕಾರ್ಖಾನೆ ಕಾಯಿದೆಯ 66ನೆಯ ಕಲಮಿನ ಪ್ರಕಾರ ಹೆಂಗಸರನ್ನು ಬೆಳಗಿನ ಆರರಿಂದ ಸಂಜೆ ಏಳರ ಆಚೆ ಕಾರ್ಖಾನೆಯಲ್ಲಿ ದುಡಿಸುವಂತಿರಲಿಲ್ಲ. ರಕ್ಷಣೆಗಾಗಿ ಮಾಡಿದ ನಿಯಮ. ಆದರೆ ರಾತ್ರಿ ಪಾಳಿ ಮಾಡದವರು ಉತ್ಪಾದನಾ ವಿಭಾಗದ ಮೇಲ್ವಿಚಾರಕರಾಗುವುದು ಹೇಗೆ? ಪದವಿ ಪಡೆದ ಹೆಣ್ಣುಮಕ್ಕಳು ಗುಣಮಟ್ಟ ಪರೀಕ್ಷೆಯ ಮೇಜಿನ ಮುಂದೆ ಕೂತರೆ ಅಲ್ಲಿಯೇ ನಿವೃತ್ತರಾಗುವುದು ಹೀಗೆ. ಮದುವೆಯಾದರೆ ರಾಜೀನಾಮೆ ಕೊಡಬೇಕು ಎಂಬ ಷರತ್ತು ಕೂಡ ಆಗಿನ ಮುಂಬಯಿಯಲ್ಲಿತ್ತು. ಇಲ್ಲಿನದೇ ಒಂದು ಔಷಧ ಕಂಪನಿಯ ಅಂಥ ನಿಯಮವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 1960ರ ದಶಕದಲ್ಲಿ. ನಿಮ್ಮ ಅತ್ತೆ ಮದುವೆಯಾಗದಿದ್ದುದಕ್ಕೆ ಇದೇ ಕಾರಣವೆಂದು ನಾನು ಹೇಳಲಾರೆ, ಹೇಳುವ ಹಕ್ಕೂ ನನಗಿಲ್ಲ. ನೇಮಕಾತಿ ಪತ್ರ ಸಿಕ್ಕರೆ ಷರತ್ತುಗಳನ್ನು ಮಾತ್ರ ತಪ್ಪದೆ ಓದಿ. ಬಡ್ತಿಯ ಬಾಗಿಲು ಮುಚ್ಚಿದ ಕಾಯಿದೆಯೇ ಅವರಿಗೆ ಪ್ರತಿ ಸಂಜೆ ಬೀದಿ ಸುತ್ತುವ ಬಿಡುವು ಕೊಟ್ಟಿರಬೇಕು.

ಇಂಥವು ಸಂಸ್ಥೆಗಳ ದಫ್ತರದಲ್ಲಿ ಸಿಗುವುದಿಲ್ಲ. ಕಮಲಾ ಸೊಹೋನಿಯವರ ಕಥೆ ನಿಮಗೆ ಗೊತ್ತಿರಬಹುದು. ಮುಂಬಯಿ ವಿಶ್ವವಿದ್ಯಾಲಯದ ಪದವಿ ಹಿಡಿದು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದಾಗ ಹೆಣ್ಣು ಎಂಬ ಕಾರಣಕ್ಕೆ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಹಟ ಹಿಡಿದು ಕೂತ ಮೇಲೆ ಒಂದು ವರ್ಷದ ಪರೀಕ್ಷಾ ಅವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಅವರು ಅಲ್ಲಿ ಎಂ.ಎಸ್‌ಸಿ. ಮುಗಿಸಿ, 1939ರಲ್ಲಿ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದು, ಮುಂದೆ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕರಾಗಿ, ನಿರ್ದೇಶಕರೂ ಆದರು. ತಾಳೆ ಜಾತಿಯ ಮರಗಳಿಂದ ಇಳಿಸುವ ಸಿಹಿರಸ ‘ನೀರಾ’ದಲ್ಲಿರುವ ಪೋಷಕಾಂಶಗಳ ಮೇಲೆ ಕೆಲಸ ಮಾಡಿದರು. ಪ್ರವೇಶದ ಆ ಪ್ರಸಂಗ ನಮಗೆ ತಿಳಿದಿರುವುದು ಅವರೇ ಬಾಯಿಬಿಟ್ಟು ಹೇಳಿದ್ದರಿಂದ. ಪ್ರವೇಶ ಪುಸ್ತಕದಲ್ಲಿ ತಾರೀಖು ಇರುತ್ತದೆ, ಅಪಮಾನ ಇರುವುದಿಲ್ಲ. ಅವರ ಒಡಹುಟ್ಟಿದ ಅಕ್ಕ ದುರ್ಗಾ ಭಾಗವತ್ ಹೆಸರಾಂತ ಜಾನಪದ ವಿದ್ವಾಂಸೆ. ರಸಾಯನವೂ ಜಾನಪದವೂ ಒಂದೇ ಮನೆಯಲ್ಲಿ ಬೆಳೆದವು. ನಿಮ್ಮ ಮನೆಯಲ್ಲಿ ಒಬ್ಬರಲ್ಲೇ ಬೆಳೆದವು.

ಎರಡನೆಯ ಫೋಟೊದಲ್ಲಿರುವ ಹಳೆಯ ಜಮಾಖರ್ಚಿನ ಹಾಳೆ ಯಾವುದೋ ಅಂಗಡಿಯವರು ಅತ್ತೆಗೆ ಕೊಟ್ಟದ್ದಿರಬೇಕು. ಅಕ್ಷರ ಇದ್ದಲ್ಲಿ ಕಾಗದ ಕಂದಾಗಿ ತೂತು ಬಿದ್ದಿದೆ. ಅದು ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿ ಮಾಡುವ ಜಾತಿಯ ಶಾಯಿಯ ಕೆಲಸ. ಅದರಲ್ಲಿರುವ ಕಬ್ಬಿಣವೂ ಆಮ್ಲವೂ ಕಾಲ ಕಳೆದಂತೆ ಕಾಗದವನ್ನೇ ತಿನ್ನುತ್ತವೆ. ಕಾಡಿಗೆಗೆ ಗೋಂದು ಕಲಸಿ ಮಾಡಿದ ಶಾಯಿ ಹಾಗೆ ತಿನ್ನುವುದಿಲ್ಲ. ಹಾಳೆಯ ಮೂಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ನೀಲಿ ಚುಕ್ಕೆಯೊಂದಿದೆ ನೋಡಿ. ನೀವು ಅದನ್ನು ಕಲೆ ಎಂದುಕೊಂಡಿರಬಹುದು. ಶಾಯಿಯಲ್ಲಿ ಕಬ್ಬಿಣವಿದೆಯೇ ಎಂದು ಅತ್ತೆ ಪೊಟ್ಯಾಸಿಯಂ ಫೆರೊಸಯನೈಡಿನ ಹನಿ ಹಾಕಿ ನೋಡಿದ್ದಾರೆ. ಕಬ್ಬಿಣವಿದ್ದರೆ ಪ್ರಷ್ಯನ್ ನೀಲಿ ಬರುತ್ತದೆ. ನಮ್ಮ ಕೆಲಸದಲ್ಲಿ ಮೂಲ ಹಾಳೆಯ ಮೇಲೆ ಹೀಗೆ ಹನಿ ಹಾಕಿದವರಿಗೆ ಛೀಮಾರಿ ಬೀಳುತ್ತದೆ. ಆದರೂ ಆ ಚುಕ್ಕೆಯನ್ನು ಅಳಿಸಬೇಡಿ, ಅದೂ ಅವರ ಸಹಿಯೇ. ಹಾಳೆಯನ್ನು ಮಡಿಸದೆ ಎರಡು ರಟ್ಟುಗಳ ನಡುವೆ ಇಡಿ. ಕಪಾಟಿನ ತಳದಲ್ಲಿ ಹಾರ್ಮೋನಿಯಂನಂತೆ ಮಡಿಚಿದ ಕಪ್ಪು ಬಟ್ಟೆಯ ಪುಸ್ತಕ ಸಿಕ್ಕರೆ ಕೊಳೆಯೆಂದು ಒರೆಸಬೇಡಿ: ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಬಳಪದಿಂದ ಬರೆಯುತ್ತಿದ್ದ ಕಡತ ಅದು. ಕಚೇರಿಯ ಫೈಲಿಗೆ ನಾವು ಇವತ್ತು ಕಡತ ಎನ್ನುವುದು ಅದೇ ಹೆಸರು. ಒಂದೇ ಒರೆತಕ್ಕೆ ಬರಹವೆಲ್ಲ ಹೋಗುತ್ತದೆ.

ಕ್ಯಾಸೆಟ್‌ಗಳನ್ನು ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಕೇಳುವ ಆಸೆಯನ್ನು ತಡೆದುಕೊಳ್ಳಿ. ಮೊದಲ ಸಲ ಓಡುವುದೇ ಕೊನೆಯ ಸಲವೂ ಆಗಬಹುದು. ಅದು ಧ್ವನಿಯನ್ನು ಡಿಜಿಟಲ್ ಮಾಡುವವರ ಯಂತ್ರದಲ್ಲೇ ಆಗಲಿ.

ಹಕ್ಕಿನ ವಿಷಯ ಚಿಕ್ಕದಾಗಿ. ಅತ್ತೆಗೆ ಬಂದ ಪತ್ರದ ಕಾಗದ ನಿಮ್ಮದು, ಅದರೊಳಗಿನ ಬರಹದ ಹಕ್ಕು ಬರೆದವರದು ಅಥವಾ ಅವರ ವಾರಸುದಾರರದು. ಸಂಗ್ರಹಕ್ಕೆ ಕೊಡಬಹುದು, ಅನುಮತಿ ಇಲ್ಲದೆ ಅಚ್ಚು ಹಾಕುವಂತಿಲ್ಲ. ಅತ್ತೆಯ ಬರಹದ ಹಕ್ಕು ಉಯಿಲಿನಂತೆ, ಉಯಿಲಿಲ್ಲದಿದ್ದರೆ ವಾರಸಿನಂತೆ ಹೋಗುತ್ತದೆ. ಆದ್ದರಿಂದ ದಾನಪತ್ರಕ್ಕೆ ಮನೆಯವರೆಲ್ಲರ ಸಹಿ ಇರಲಿ. ಕಂಪನಿಯ ಮುದ್ರೆ, ಕ್ರಮಸಂಖ್ಯೆ ಇರುವ ಲ್ಯಾಬ್ ಪುಸ್ತಕಗಳಿದ್ದರೆ ಅವು ಮೂಲತಃ ಕಂಪನಿಯವು ಎಂಬುದನ್ನು ಮುಚ್ಚಿಡದೆ ಪಟ್ಟಿಯಲ್ಲಿ ಬರೆಯಿರಿ. ಇನ್ನು ಆ ‘ಹೇಳಿದವರು’ ಕಂಬ. ಅಲ್ಲಿ ಬೀದಿಯ ಸಾಲ, ಜಗಳ, ಜಾತಿ, ಯಾರ ಮನೆಯಿಂದ ಯಾರು ಓಡಿಹೋದರು ಎಂಬುದೆಲ್ಲ ಇರುತ್ತದೆ. ಇಂಥ ಸಂಗ್ರಹದಲ್ಲಿ ಇಲ್ಲದಿದ್ದರೆ ಆಶ್ಚರ್ಯ. ಆ ಜನರ ಮಕ್ಕಳು ಇನ್ನೂ ಅದೇ ಬೀದಿಯಲ್ಲಿದ್ದಾರೆ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ಅದನ್ನು ನೆನೆಯಿರಿ. ಡೈರಿಗಳನ್ನೂ ಈ ಪುಟಗಳನ್ನೂ ಇಷ್ಟು ವರ್ಷ ಯಾರಿಗೂ ತೆರೆಯಬಾರದು ಎಂದು ದಾನಪತ್ರದಲ್ಲೇ ಷರತ್ತು ಹಾಕಬಹುದು. ಇಪ್ಪತ್ತೈದು ವರ್ಷ ಕೇಳಿದರೆ ಯಾವ ಒಳ್ಳೆಯ ಸಂಗ್ರಹವೂ ಮುಖ ಸಿಂಡರಿಸುವುದಿಲ್ಲ.

ಎಲ್ಲಿಗೆ ಕೊಡುವುದು? ಮುಂಬಯಿಯಲ್ಲಿ ಕನ್ನಡ ಸಂಸ್ಥೆಗಳಿಗೆ ಬರವಿಲ್ಲ. ಮಾಟುಂಗಾದಲ್ಲೇ 1926ರಷ್ಟು ಹಳೆಯ ಮೈಸೂರು ಅಸೋಸಿಯೇಷನ್ ಇದೆ, ಮಾಹಿಮ್‌ನಲ್ಲಿ ಕರ್ನಾಟಕ ಸಂಘವಿದೆ, ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಇವರಿಗೆ ಆಸಕ್ತಿ ಇರುತ್ತದೆ, ಭಾಷೆ ಬರುತ್ತದೆ. ಆದರೆ ಸಮಾರಂಭ ಮಾಡುವ ಸಂಸ್ಥೆಗೂ ಕಾಗದ ಕಾಯುವ ಸಂಸ್ಥೆಗೂ ವ್ಯತ್ಯಾಸವಿದೆ. ಶಾಲು ಹೊದಿಸಿ ಸ್ವೀಕರಿಸಿದ ಪೆಟ್ಟಿಗೆ ವೇದಿಕೆಯ ಹಿಂದೆ ಮುರಿದ ಕುರ್ಚಿಗಳ ಕೆಳಗೆ ಕೊಳೆಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಕೊಡುವ ಮೊದಲು ಕಪಾಟು ತೋರಿಸಿ ಎಂದು ಕೇಳಿ, ನಾಚಿಕೆ ಬೇಡ. ಇನ್ನೊಂದು ಕಡೆ ವೃತ್ತಿಪರ ಸಂಗ್ರಹಗಳಿವೆ. ಮಹಿಳೆಯರ ಬದುಕಿನ ದಾಖಲೆಗಳಿಗೆಂದೇ 1988ರಲ್ಲಿ ಮುಂಬಯಿಯಲ್ಲಿ ಶುರುವಾದ ‘ಸ್ಪ್ಯಾರೊ’ ಇದೆ. ವಿಜ್ಞಾನಿಗಳ ಖಾಸಗಿ ಕಾಗದಗಳನ್ನು ಕಾಯುವ ಸಂಗ್ರಹ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿದೆ. ಅಲ್ಲಿ ಕಪಾಟೂ ಇದೆ, ತಂಪೂ ಇದೆ. ಮುಂಬಯಿಯ ಸಂಗ್ರಹಗಳಲ್ಲಿ ಕನ್ನಡದ ಕೈಬರಹ ಓದುವವರು ಸಿಗುವುದು ಅಪರೂಪ. ಓದುವವರಿಲ್ಲದಿದ್ದರೆ ಪಟ್ಟಿಯಲ್ಲಿ ‘ಕನ್ನಡ ಪತ್ರಗಳು, ಒಂದು ಕಟ್ಟು’ ಎಂದು ಒಂದೇ ಸಾಲು ಬೀಳುತ್ತದೆ, ಅಲ್ಲಿಗೆ ಮೂವತ್ತು ವರ್ಷದ ಶ್ರಮ ಮತ್ತೆ ಟ್ರಂಕು ಸೇರಿದಂತೆ.

ನನ್ನ ಸಲಹೆ ಹೀಗಿದೆ: ಎರಡೂ ಟ್ರಂಕು, ಕಪಾಟು ಎಲ್ಲವೂ ಒಂದೇ ಕಡೆಗೆ, ಕಪಾಟೂ ತಂಪೂ ಇರುವ ಕಡೆಗೆ ಹೋಗಲಿ. ಸ್ಕ್ಯಾನ್ ಪ್ರತಿ, ಡೈರಿಗಳನ್ನು ಬಿಟ್ಟು, ಕನ್ನಡ ವಿಭಾಗಕ್ಕೂ ಮಾಟುಂಗಾಕ್ಕೂ ಸಿಗಲಿ. ಕೊಡುವ ಮೊದಲು ಕಟ್ಟುಕಟ್ಟಿಗೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಸಾಲಿನ ಪಟ್ಟಿಯನ್ನು ನೀವೇ ಬರೆಯಿರಿ. ನಾಲ್ಕು ತಿಂಗಳು ಅದಕ್ಕೆ ಸಾಕು, ಸಂಜೆಗೆ ಎರಡು ಗಂಟೆಯಂತೆ ಕೂತರೆ. ಮನೆಯ ಹುಡುಗರಲ್ಲಿ ಕನ್ನಡ ಓದುವವರು ಯಾರಿದ್ದಾರೋ ಅವರನ್ನು ಹಿಡಿದು ಕೂರಿಸಿ.

ಆರನ್ನೂ ಹಿಗ್ಗಿಸಿ ನೋಡಿದೆ. ಮೂರನೆಯದರ ಬಲಪುಟದಲ್ಲಿ ಕೊನೆಯ ಸಾಲಿನ ‘ಹೇಳಿದವರು’ ಕಂಬದಲ್ಲಿ ‘ನಾನೇ’ ಎಂದಿದೆ, ಎದುರಿಗೆ ಬ್ಲ್ಯಾಂಕ್‌ನಲ್ಲಿ ‘+1’. ತಮ್ಮ ನೆನಪನ್ನೂ ಅವರು ಬಿಟ್ಟಿಲ್ಲ. ಆದರೆ ಆ ಸಾಲಿನಲ್ಲಿ ಅಂಗಡಿಯ ಹೆಸರು ನಿಮ್ಮ ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗಿದೆ. ಬೆರಳು ಸರಿಸಿ ಇನ್ನೊಂದು ಫೋಟೊ ಕಳಿಸಿ.